ಗ್ಯಾಸಿನ ಗುಳಿಗೆಗೆ ಮುನ್ನ ಕೇಳಬೇಕಾದ ಮಾತು

“ಹೊಟ್ಟಿ ಉಬ್ಬತದ್ರೀ. ಎದಿ ಡವಡವ ಅಂತದ. ರಾತ್ರಿ ನಿದ್ದಿನೇ ಹತ್ತಂಗಿಲ್ಲ.” ನಲವತ್ತೈದು ದಾಟಿದ ಹೆಣ್ಣುಮಗಳೊಬ್ಬರು ಹೀಗೆ ಹೇಳಿಕೊಂಡರೆ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯಲ್ಲಿ ಸಿಗುವ ಉತ್ತರ ಬಹುಪಾಲು ಒಂದೇ: ಗ್ಯಾಸ್. ಊರಿನ ಆರ್‌ಎಂಪಿ ಡಾಕ್ಟರು ಸೂಜಿ ಮಾಡುತ್ತಾರೆ, ಖಾಲಿ ಹೊಟ್ಟೆಯಲ್ಲಿ ನುಂಗಲು ಗುಳಿಗೆಯ ಪಟ್ಟಿ ಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಗಂಡನೋ ಮಗನೋ ರಾಯಚೂರಿಗೆ ಕರೆದೊಯ್ಯುತ್ತಾರೆ. ಅಲ್ಲಿ ಇಸಿಜಿ ಆಗುತ್ತದೆ, ಹೊಟ್ಟೆಯ ಸ್ಕ್ಯಾನಿಂಗ್ ಆಗುತ್ತದೆ, ಎಂಡೋಸ್ಕೋಪಿಯೂ ಆಗಬಹುದು. ಎಲ್ಲ ಸರಿಯಾಗಿದೆ, ಟೆನ್ಷನ್ ಮಾಡಿಕೊಳ್ಳಬೇಡಿ ಎಂಬ ಮಾತಿನೊಂದಿಗೆ ಮನೆಗೆ ಮರಳುತ್ತಾರೆ. ತಿಂಗಳದ್ದು ಕಡೆಯ ಸಲ ಬಂದದ್ದು ಯಾವಾಗ ಎಂದು ಎಷ್ಟೋ ಸಲ ಯಾರೂ ಕೇಳಿರುವುದಿಲ್ಲ. ಹೆಣ್ಣುಮಕ್ಕಳೂ ತಾವಾಗಿ ಹೇಳಿರುವುದಿಲ್ಲ.

ಈ ಲೇಖನದ ವಾದ ಇಷ್ಟೇ. ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಗ್ಯಾಸಿನ ಗುಳಿಗೆ ಬರೆಯುವ ಮುನ್ನ ಮುಟ್ಟಿನ ಬಗ್ಗೆ ಕೇಳುವುದು ಕಡ್ಡಾಯವಾಗಬೇಕು. ಅದಕ್ಕೆ ಯಂತ್ರ ಬೇಡ, ಪ್ರಯೋಗಾಲಯ ಬೇಡ, ಹೊಸ ಕಟ್ಟಡ ಬೇಡ.

ಮೊದಲು ಮೈಯೊಳಗೆ ನಡೆಯುವುದನ್ನು ನೋಡೋಣ. ಸತತ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಭಾರತದ ಹೆಣ್ಣುಮಕ್ಕಳಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46. ಪಶ್ಚಿಮದ ದೇಶಗಳಲ್ಲಿ 51ರ ಆಸುಪಾಸು. ಅಂದರೆ ನಮ್ಮಲ್ಲಿ ನಲವತ್ತರ ಆಚೀಚೆಗೇ ಏರುಪೇರು ಶುರುವಾಗಬಹುದು. ಆ ವರ್ಷಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನು ಒಂದೇ ಸಮನೆ ಇಳಿಯುವುದಿಲ್ಲ. ಒಂದು ತಿಂಗಳು ಏರುತ್ತದೆ, ಮುಂದಿನ ತಿಂಗಳು ಕುಸಿಯುತ್ತದೆ. ಈ ಹಾರ್ಮೋನು ಗರ್ಭಕೋಶಕ್ಕೆ ಮಾತ್ರ ಸೇರಿದ್ದೆಂಬುದು ತಪ್ಪು ತಿಳಿವಳಿಕೆ. ಅದರ ಕರೆಗೆ ಓಗೊಡುವ ಗ್ರಾಹಕಗಳು ಅನ್ನನಾಳದಿಂದ ದೊಡ್ಡ ಕರುಳಿನವರೆಗೂ ಇವೆ, ಮಿದುಳಿನಲ್ಲೂ ಇವೆ. ಅದು ಏರುಪೇರಾದಾಗ ಕರುಳಿನ ನಡೆ ಮಂದವಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಎದೆಯುರಿ, ಇನ್ನು ಕೆಲವರಿಗೆ ಒಂದು ದಿನ ಗಟ್ಟಿ ಒಂದು ದಿನ ಸಡಿಲ.

ಮನಸ್ಸಿನ ಕಥೆಯೂ ಇದರ ಪಕ್ಕದಲ್ಲೇ ನಡೆಯುತ್ತದೆ. ದೇಹದ ಸೆರೊಟೊನಿನ್‌ನಲ್ಲಿ ಶೇ 90ಕ್ಕೂ ಹೆಚ್ಚು ತಯಾರಾಗುವುದು ಕರುಳಿನಲ್ಲಿ. ಕರುಳಿನ ಚಲನೆಯನ್ನು ಹದದಲ್ಲಿಡುವ ಕೆಲಸ ಅದರದು. ಕರುಳಿಗೂ ಮಿದುಳಿಗೂ ನಡುವೆ ವೇಗಸ್ ಎಂಬ ಉದ್ದನೆಯ ನರ ಎರಡೂ ದಿಕ್ಕಿಗೆ ಸುದ್ದಿ ಒಯ್ಯುತ್ತದೆ. ಹೊಟ್ಟೆ ಕೆಟ್ಟರೆ ಮನಸ್ಸು ಕಳವಳಗೊಳ್ಳುತ್ತದೆ, ಮನಸ್ಸು ಕಳವಳಗೊಂಡರೆ ಹೊಟ್ಟೆ ಕೆಡುತ್ತದೆ. ಇದರ ಮೇಲೆ ಋತುಬಂಧದ ಬಿಸಿಯಲೆ ಬರುತ್ತದೆ: ಎದೆಯಿಂದ ಮುಖದವರೆಗೆ ಝಳ ಏರಿ, ಬೆವರು ಕಿತ್ತುಕೊಂಡು, ಎದೆ ಬಡಿತ ಜೋರಾಗಿ, ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಅದೇನೆಂದು ಗೊತ್ತಿಲ್ಲದವರಿಗೆ ಅದು ಹೃದಯಾಘಾತದಂತೆ, ಜೀವವೇ ಹೋದಂತೆ ಅನಿಸುವುದು ಸಹಜ. ರಾತ್ರಿ ಎರಡು ಸಲ ಹಾಗೆ ಎಚ್ಚರವಾದರೆ ಮರುದಿನ ತಲೆ ಭಾರ, ಹಸಿವಿಲ್ಲ, ಸಿಟ್ಟು, ಮತ್ತೆ ಹೊಟ್ಟೆ ಉಬ್ಬರ.

ಅಮೆರಿಕದಲ್ಲಿ 1994ರಲ್ಲಿ ಸ್ವಾನ್ ಎಂಬ ಅಧ್ಯಯನ ಶುರುವಾಯಿತು. ನಡುವಯಸ್ಸಿನ 3,302 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅದು ಮುಖ್ಯವಾದ ಒಂದು ಸಂಗತಿಯನ್ನು ತೋರಿಸಿತು. ಮೊದಲು ಅಂಥ ಆತಂಕವೇ ಇಲ್ಲದಿದ್ದ ಮಹಿಳೆಯರಲ್ಲೂ ಈ ಸಂಧಿಕಾಲದಲ್ಲಿ ತೀವ್ರ ಆತಂಕ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಮೂವತ್ತು ವರ್ಷ ಗಟ್ಟಿಗಿತ್ತಿಯಾಗಿ ಸಂಸಾರ ತೂಗಿಸಿದವರು ಒಮ್ಮೆಲೇ ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ, ಅದು ಸ್ವಭಾವದ ದೋಷವಲ್ಲ, ಗಾಳಿಯ ಚೇಷ್ಟೆಯೂ ಅಲ್ಲ. ಮನೆಯವರು ಇಷ್ಟನ್ನು ತಿಳಿದರೂ ಅರ್ಧ ಭಾರ ಇಳಿಯುತ್ತದೆ.

ಇನ್ನು ಈ ಸೀಮೆಯ ಮಾತು. ಗದ್ವಾಲ ತಾಲ್ಲೂಕು 1956ರ ಭಾಷಾವಾರು ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು, ಆಮೇಲೆ ಮಹಬೂಬ್‌ನಗರಕ್ಕೆ ಸೇರಿತು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ಮಕ್ತಲ್, ಮಾಗನೂರು, ಕೃಷ್ಣಾ ಮಂಡಲಗಳ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಹಲವು. ಅಲ್ಲಿಯ ಸೊಸೆಯಂದಿರಲ್ಲಿ ಹಲವರು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಸಂತೆಯಲ್ಲಿ ತೆಲುಗು ಆಡಬಲ್ಲರು. ಆದರೆ ಮೈಯ ಗುಟ್ಟನ್ನು ಕಲಿತ ಭಾಷೆಯಲ್ಲಿ ಬಿಚ್ಚಿ ಹೇಳುವುದು ಕಷ್ಟ. ಹೊಟ್ಟೆ ನೋವು ಎನ್ನುವುದು ಯಾವ ಭಾಷೆಯಲ್ಲೂ ಸುಲಭ, ಎಲ್ಲರ ಮುಂದೆಯೂ ಹೇಳಬಹುದು. ಹಾಗಾಗಿ ಮುಟ್ಟಿನ ತೊಂದರೆ ಕೂಡ ಹೊಟ್ಟೆಯ ಹೆಸರು ಹೊತ್ತು ಆಸ್ಪತ್ರೆಗೆ ಬರುತ್ತದೆ.

ಇಲ್ಲಿಯ ದುಡಿಮೆ ಇನ್ನೊಂದು ಭಾರ. ಗದ್ವಾಲ ಹತ್ತಿ ಬೀಜೋತ್ಪಾದನೆಗೆ ದೇಶದಲ್ಲೇ ಹೆಸರಾದ ಸೀಮೆ. ಸಂಕರ ಬೀಜಕ್ಕಾಗಿ ಹಿಂದಿನ ದಿನ ಹೂವಿನ ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ತೀಡುವ ಕ್ರಾಸಿಂಗ್ ಕೆಲಸ ಹೆಚ್ಚಾಗಿ ಹೆಣ್ಣುಕೈಗಳದು. ಬಿಸಿಲಲ್ಲಿ ಸಾಲು ಹಿಡಿದು ನಿಂತವರಿಗೆ ಒಳಗಿನ ಝಳವೂ ಹೊರಗಿನ ಝಳವೂ ಕೂಡಿಕೊಳ್ಳುತ್ತವೆ. ಮರೆಗೆ ಜಾಗವಿಲ್ಲವೆಂದು ನೀರು ಕಡಿಮೆ ಕುಡಿಯುತ್ತಾರೆ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ನಾರಾಯಣಪೇಟೆ, ಗದ್ವಾಲದ ಸೀರೆಗಳು ಭೌಗೋಳಿಕ ಗುರುತು ಪಡೆದು ಹೆಸರಾಗಿವೆ. ಆ ಸೀರೆಯ ಹಿಂದೆ ಗುಂಡಿಮಗ್ಗದಲ್ಲಿ ಬೆನ್ನು ಬಾಗಿಸಿ, ನೂಲು ಸುತ್ತಿ ದಿನವಿಡೀ ಕೂತವರಿದ್ದಾರೆ. ಉಂಡ ಕೂಡಲೇ ಹೊಟ್ಟೆ ಮಡಚಿ ಕೂತರೆ ಎದೆಯುರಿ ಹೆಚ್ಚುತ್ತದೆ. ಪಾಲಮೂರಿನ, ಅಂದರೆ ಮಹಬೂಬ್‌ನಗರ ಸೀಮೆಯ, ವಲಸೆಯಂತೂ ಹಳೆಯದು. ಹೈದರಾಬಾದ್, ಮುಂಬೈ, ಪುಣೆಯ ಕಟ್ಟಡ ಕೆಲಸಕ್ಕೆ ಹೋದ ಹೆಂಗಸಿಗೆ ಋತುಬಂಧ ಬರುವುದು ತಗಡಿನ ಶೆಡ್ಡಿನಲ್ಲಿ, ಪರಿಚಯದ ಆಶಾ ಕಾರ್ಯಕರ್ತೆಯೂ ಇಲ್ಲದ ಕಡೆ.

ಊಟದ ಬದಲಾವಣೆಯನ್ನೂ ಗಮನಿಸಬೇಕು. ಈ ಸೀಮೆಯ ಹಳೆಯ ಊಟ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ, ಮಜ್ಜಿಗೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಪಡಿತರದ ಅಕ್ಕಿ ಹಸಿವನ್ನು ನೀಗಿಸಿದೆ, ಅದನ್ನು ಹೀಗಳೆಯುವುದು ಅನ್ಯಾಯ. ಆದರೆ ಮೂರು ಹೊತ್ತೂ ಅನ್ನವಾದಾಗ, ಅದರ ನಡುವೆ ಖಾಲಿ ಹೊಟ್ಟೆಗೆ ನಾಲ್ಕು ಸಲ ಚಹಾ ಬಿದ್ದಾಗ, ಮೊದಲೇ ಮಂದವಾದ ಕರುಳು ಇನ್ನಷ್ಟು ಮಂದವಾಗುತ್ತದೆ. ಒಂದು ಹೊತ್ತಾದರೂ ರೊಟ್ಟಿಗೆ ಮರಳುವುದು ಬೆಲೆ ಕಡಿಮೆಯ, ಪರಿಣಾಮ ಹೆಚ್ಚಿನ ಉಪಾಯ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಉಬ್ಬರ ಜಾಸ್ತಿಯಾದೀತು. ವಾರ ವಾರ ಸ್ವಲ್ಪ ಸ್ವಲ್ಪ, ನೀರಿನ ಜೊತೆಗೆ ಹೆಚ್ಚಿಸಬೇಕು. ಬೇಳೆಯನ್ನು ನೆನೆಸಿ ಬೇಯಿಸುವುದು, ರಾತ್ರಿಯೂಟ ಮತ್ತು ಮಲಗುವ ಹೊತ್ತಿನ ನಡುವೆ ಮೂರು ತಾಸು ಬಿಡುವುದು, ಎಡಮಗ್ಗುಲಲ್ಲಿ ಮಲಗುವುದು, ಮಿರ್ಚಿಭಜಿಯನ್ನು ಸಂಜೆಯ ನಿತ್ಯ ಪದಾರ್ಥ ಮಾಡಿಕೊಳ್ಳದಿರುವುದು, ತಂಬಾಕು ಬಿಡುವುದು ಇವೆಲ್ಲ ಎದೆಯುರಿಗೆ ನಿಜವಾಗಿ ಕೆಲಸ ಮಾಡುತ್ತವೆ.

ಗುಳಿಗೆಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಲೇಬೇಕು, ಏಕೆಂದರೆ ಎಷ್ಟೋ ಮನೆಗಳಲ್ಲಿ ಒಂದು ಗುಳಿಗೆ ಇನ್ನೊಂದನ್ನು ಕರೆದು ತರುತ್ತದೆ. ಈ ವಯಸ್ಸಿನಲ್ಲಿ ಮೊಣಕಾಲು ಹಿಡಿಯುತ್ತದೆ, ಡೈಕ್ಲೊಫೆನಾಕ್ ಬರುತ್ತದೆ. ಅದು ಜಠರದ ಒಳಪದರವನ್ನು ಸುಡುತ್ತದೆ, ಪ್ಯಾಂಟೊಪ್ರಜೋಲ್ ಬರುತ್ತದೆ. ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ ಬರುತ್ತದೆ. ಅದರಿಂದ ಮಲ ಗಟ್ಟಿ. ತೆಲಂಗಾಣದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57.6ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ, ಹಾಗಾಗಿ ಆ ಮಾತ್ರೆ ಬಿಡುವಂತಿಲ್ಲ. ವೈದ್ಯರನ್ನು ಕೇಳಿ ಅದರ ಹೊತ್ತು, ಬಗೆ ಬದಲಿಸಿಕೊಳ್ಳಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ನಿಂದಲೂ ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಆಮ್ಲ ತಗ್ಗಿಸುವ ಗುಳಿಗೆಗಳನ್ನು ಸಾಮಾನ್ಯವಾಗಿ ಕೆಲವು ವಾರಗಳಿಗೆಂದು ಬರೆಯುತ್ತಾರೆ. ಚೀಟಿಯಿಲ್ಲದೆ ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಮೂಳೆ ಮುರಿತದ ಅಪಾಯ ಹೆಚ್ಚಬಹುದು. ಮುಟ್ಟು ನಿಂತ ಮೊದಲ ವರ್ಷಗಳಲ್ಲೇ ಮೂಳೆ ವೇಗವಾಗಿ ಸವೆಯುವುದು. ಆ ಹೊತ್ತಿನಲ್ಲೇ ಈ ಗುಳಿಗೆಯನ್ನು ಅಕ್ಕಿಬೇಳೆಯಂತೆ ತಿಂಗಳ ಸಾಮಾನಿನ ಚೀಟಿಗೆ ಸೇರಿಸುವುದು ತೀರಾ ಕಳವಳದ ಸಂಗತಿ.

ಕಳ್ಳಿನ ವಿಷಯವನ್ನು ಮುಚ್ಚಿಡುವುದರಿಂದಲೂ ಪ್ರಯೋಜನವಿಲ್ಲ. ಹಳೆಯ ಮಹಬೂಬ್‌ನಗರ ಜಿಲ್ಲೆಯಲ್ಲಿ ಗಂಡಸರ ಜೊತೆ ದುಡಿಯುವ ಹೆಂಗಸರೂ ಸಂಜೆ ಕಳ್ಳು ಕುಡಿಯುವುದುಂಟು. ಅದಕ್ಕೆ ಅಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆ ತೆಲಂಗಾಣಕ್ಕೆ ಹೊಸದಲ್ಲ. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಕಳ್ಳು ಕುಡಿದು ಸಾವುಗಳಾದವು. ಅಲ್ಪ್ರಜೋಲಾಮ್ ಆತಂಕಕ್ಕೂ ನಿದ್ದೆಗೂ ಕೊಡುವ ಔಷಧಿ. ತಿಳಿಯದೆಯೇ ದಿನವೂ ಅದನ್ನು ಕುಡಿದವರಿಗೆ ಒಂದು ದಿನ ಕಳ್ಳು ಸಿಗದಿದ್ದರೆ ಕೈನಡುಕ, ಎದೆಬಡಿತ, ಹೇಳಲಾಗದ ಹೆದರಿಕೆ, ಕೆಲವೊಮ್ಮೆ ಫಿಟ್ಸ್. ಋತುಬಂಧದ ಕಳವಳವನ್ನು ಕಳ್ಳಿನಿಂದ ತಣಿಸಿಕೊಳ್ಳಲು ಹೋದವರು ಹೀಗೆ ಎರಡನೆಯ ಕಳವಳಕ್ಕೆ ಸಿಕ್ಕಿಬೀಳುತ್ತಾರೆ. ಕಳ್ಳಿನ ಮಾತು ಕೇಳದೆ ನಿದ್ದೆಗುಳಿಗೆ ಬರೆಯುವುದು ಅಪಾಯ. ಹಾಗೆಯೇ ವೈದ್ಯರ ನೆರವಿಲ್ಲದೆ ಥಟ್ಟನೆ ಕಳ್ಳು ಬಿಡಿಸುವುದೂ ಅಪಾಯ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಗರ್ಭಚೀಲದ ಆಪರೇಷನ್ನು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರೆ, ತೆಲಂಗಾಣದಲ್ಲಿ ಅದು ಶೇ 7.7, ಆಂಧ್ರದಲ್ಲಿ ಶೇ 8.9. ಗಡಿಯ ಆಚೆ ಕರ್ನಾಟಕದ ಕಲಬುರಗಿಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣ 2015ರ ಸುಮಾರಿಗೆ ಬೆಳಕಿಗೆ ಬಂತು. ಹೊಟ್ಟೆನೋವೆಂದು ಹೋದವರು ಕ್ಯಾನ್ಸರಿನ ಹೆದರಿಕೆ ಹೊತ್ತು ಆಪರೇಷನ್ ಟೇಬಲ್ಲಿಗೆ ಏರಿದ್ದರು. ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಹೇಳಿತು.

ಆಪರೇಷನ್ನಿನಲ್ಲಿ ಅಂಡಾಶಯಗಳನ್ನೂ ತೆಗೆದರೆ ಋತುಬಂಧ ಹತ್ತು ವರ್ಷ ಮೊದಲೇ, ಒಂದೇ ದಿನದಲ್ಲಿ ಬಂದಪ್ಪಳಿಸಬಹುದು. ಮೂವತ್ತೈದರ ಹೆಣ್ಣುಮಗಳಿಗೆ ಝಳ, ಬೆವರು, ಹೆದರಿಕೆ, ಹೊಟ್ಟೆ ಉಬ್ಬರ. ವಯಸ್ಸು ನೋಡಿದವರು ಋತುಬಂಧವೆಂದು ಊಹಿಸುವುದೂ ಇಲ್ಲ. ಅಂಡಾಶಯ ಉಳಿಸಿದರೂ ಕೆಲವರಿಗೆ ಅದರ ಕೆಲಸ ಬೇಗ ನಿಲ್ಲುತ್ತದೆ. ಆದ್ದರಿಂದ ಮುಟ್ಟಿನ ಪ್ರಶ್ನೆಯ ಜೊತೆಗೆ ಇನ್ನೊಂದು ತುಂಡು ಸೇರಬೇಕು: ಗರ್ಭಚೀಲ ತೆಗೆಸಿದ್ದೀರಾ, ಅಂಡಾಶಯ ಉಳಿದಿವೆಯೇ? ಎಷ್ಟೋ ಮಹಿಳೆಯರಿಗೆ ಇದರ ಉತ್ತರವೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆದು, ಓದಿ ಹೇಳಿ ಕಳಿಸುವುದು ಆಸ್ಪತ್ರೆಗಳ ಕರ್ತವ್ಯ.

ಹಾಗೆಂದು ಎಲ್ಲವನ್ನೂ ಋತುಬಂಧದ ತಲೆಗೆ ಕಟ್ಟುವುದೂ ತಪ್ಪು, ಅದು ಜೀವಕ್ಕೇ ಎರವಾಗಬಹುದು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರ ಬಳಿ ಹೋಗಬೇಕು. ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾಗಿ ವಾರಗಟ್ಟಲೆ ಇಳಿಯದ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ ಬರುವುದು ಅಂಡಾಶಯದ ಕ್ಯಾನ್ಸರಿನ ಲಕ್ಷಣವೂ ಇರಬಹುದು. ಸ್ಕ್ಯಾನಿಂಗ್ ಮತ್ತು ಸಿಎ-125 ಎಂಬ ರಕ್ತಪರೀಕ್ಷೆಯ ಬಗ್ಗೆ ಕೇಳಬೇಕು. ಮಲದಲ್ಲಿ ರಕ್ತ, ತೂಕ ಇಳಿಕೆ, ನುಂಗಲು ಕಷ್ಟ ಇವುಗಳಿಗೆ ಕಾಯುವಂತಿಲ್ಲ. ಹೆಂಗಸರಲ್ಲಿ ಹೃದಯಾಘಾತ ಎಷ್ಟೋ ಸಲ ಹೊಟ್ಟೆಯ ಮೇಲ್ಭಾಗದ ಸಂಕಟ, ವಾಕರಿಕೆ, ಏದುಸಿರು, ದವಡೆಯ ನೋವಾಗಿ ಬರುತ್ತದೆ. ಗ್ಯಾಸೆಂದು ಸೋಡಾ ಕುಡಿಸಿ ಮಲಗಿಸಿದರೆ ಅಮೂಲ್ಯ ಹೊತ್ತು ಹೋಗುತ್ತದೆ, 108ಕ್ಕೆ ಫೋನ್ ಮಾಡಬೇಕು. ಥೈರಾಯ್ಡ್ ಏರುಪೇರು ಎದೆಬಡಿತವನ್ನೂ ಮಲದ ವ್ಯತ್ಯಾಸವನ್ನೂ ಒಟ್ಟಿಗೇ ತರುವುದರಿಂದ ಆ ಪರೀಕ್ಷೆ ಒಮ್ಮೆ ಆಗಲೇಬೇಕು.

ಚಿಕಿತ್ಸೆ ಇದೆ. ಬಿಸಿಯಲೆ, ನಿದ್ದೆಗೇಡು ತೀವ್ರವಾಗಿದ್ದರೆ ಹಾರ್ಮೋನು ಚಿಕಿತ್ಸೆ ಬಲವಾದ ಆಯ್ಕೆ. ಅರವತ್ತರ ಒಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತ ಮಹಿಳೆಯರಲ್ಲಿ ಸಾಮಾನ್ಯವಾಗಿ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ, ಯಕೃತ್ತಿನ ಕಾಯಿಲೆ ಇದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇದ್ದವರಿಗೆ ಅದು ಬೇಡ. ಆತಂಕಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಪರಿಣಾಮಕಾರಿ, ಬೇಕಾದಾಗ ಮನೋವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಹೊಟ್ಟೆಯವರೆಗೆ ಉಸಿರೆಳೆದು ನಿಧಾನವಾಗಿ ಬಿಡುವ ಅಭ್ಯಾಸ ಆತಂಕವನ್ನೂ ಎದೆಯುರಿಯನ್ನೂ ಒಟ್ಟಿಗೆ ತಗ್ಗಿಸುತ್ತದೆ. ಮಗ್ಗದ ಮುಂದೆ ಕೂತೇ ಮಾಡಬಹುದು. ಫೋನಿನಲ್ಲಿ ಮಾತಾಡಬಯಸುವವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೂ ಸಿಗುತ್ತದೆ. ಮಕ್ತಲಿನ ಹೆಣ್ಣುಮಗಳಿಗೆ ತನ್ನ ಮಾತಿನಲ್ಲೇ ಅಳಲು ತೋಡಿಕೊಳ್ಳಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ತೆಲಂಗಾಣ ಸರ್ಕಾರ 2023ರ ಮಾರ್ಚ್ 8ರಂದು ಆರೋಗ್ಯ ಮಹಿಳಾ ಯೋಜನೆಯನ್ನು 100 ಕೇಂದ್ರಗಳಲ್ಲಿ ಆರಂಭಿಸಿ, ಆಮೇಲೆ ವಿಸ್ತರಿಸಿತು. ಮಂಗಳವಾರದ ದಿನ ಮಹಿಳೆಯರಿಗೇ ಮೀಸಲು. ಕ್ಯಾನ್ಸರ್ ತಪಾಸಣೆಯಿಂದ ಹಿಡಿದು ಪಟ್ಟಿ ಮಾಡಿದ ಸೇವೆಗಳಲ್ಲಿ ಋತುಬಂಧದ ಆರೈಕೆಯೂ ಒಂದು. ಸರ್ಕಾರಿ ದಾಖಲೆಯಲ್ಲಿ ಈ ಮಾತು ಬಂದದ್ದೇ ದೊಡ್ಡ ಹೆಜ್ಜೆ, ಸರ್ಕಾರ ಬದಲಾದರೂ ಅದು ಹಿಂದೆ ಸರಿಯಬಾರದು. 2024ರಲ್ಲಿ ನಾರಾಯಣಪೇಟೆಗೂ ಗದ್ವಾಲಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಸ್ತ್ರೀರೋಗ, ಮನೋವೈದ್ಯ, ಜನರಲ್ ಮೆಡಿಸಿನ್ ವಿಭಾಗಗಳು ವಾರಕ್ಕೊಂದು ದಿನ ಒಂದೇ ಕೋಣೆಯಲ್ಲಿ ಕೂತು ಈ ವಯಸ್ಸಿನವರನ್ನು ನೋಡುವ ವ್ಯವಸ್ಥೆ ಅಲ್ಲಿಂದಲೇ ಶುರುವಾಗಬಹುದು. ಆಗ ಒಬ್ಬ ಹೆಣ್ಣುಮಗಳು ಮೂರು ಕೂಲಿ ಕಳೆದುಕೊಂಡು ಮೂರು ಬಾಗಿಲು ಸುತ್ತಬೇಕಿಲ್ಲ.

ಹಳ್ಳಿಯ ಮಟ್ಟದಲ್ಲಿ ಮಾಡಬೇಕಾದ್ದು ಇನ್ನೂ ಸಣ್ಣದು. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ ತಪಾಸಣಾ ಫಾರಂನಲ್ಲಿ ಮುಟ್ಟು ನಿಂತ ಮೇಲೆ ರಕ್ತಸ್ರಾವ ಇದೆಯೇ ಎಂಬ ಪ್ರಶ್ನೆ ಈಗಾಗಲೇ ಇದೆ. ಅದರ ಕೆಳಗೇ ಮುಟ್ಟು ನಿಂತ ವಯಸ್ಸು, ಆಪರೇಷನ್ ಆಗಿದೆಯೇ, ರಾತ್ರಿ ಬೆವರಿ ಎಚ್ಚರವಾಗುತ್ತದೆಯೇ, ಗ್ಯಾಸಿನ ಗುಳಿಗೆ ಎಷ್ಟು ತಿಂಗಳಿಂದ ನುಂಗುತ್ತಿದ್ದೀರಿ ಎಂಬ ಸಾಲುಗಳು ಸೇರಲಿ. ಕೃಷ್ಣಾ, ಮಾಗನೂರು, ಮಕ್ತಲ್ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಮಂಗಳವಾರದ ಸೇವೆಗಳ ಪಟ್ಟಿ ತೆಲುಗಿನ ಜೊತೆ ಕನ್ನಡದಲ್ಲೂ ಬರಲಿ. ಮಹಿಳಾ ಸಂಘಗಳ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಎಎನ್‌ಎಂ ಒಬ್ಬರು ಹತ್ತು ನಿಮಿಷ ಈ ಮಾತು ಆಡಲಿ. ಮೊದಲ ಸಲ ಸಿಗುವ ಆರ್‌ಎಂಪಿಗಳಿಗೂ ಜಿಲ್ಲಾ ಆರೋಗ್ಯ ಅಧಿಕಾರಿಗಳು ಒಂದು ಪುಟದ ಸೂಚನೆ ಕಳಿಸಲಿ: ನಲವತ್ತು ದಾಟಿದ ಹೆಣ್ಣುಮಗಳು ಹೊಟ್ಟೆಯುಬ್ಬರ, ಎದೆಬಡಿತ ಎಂದರೆ ಸೂಜಿ ಮಾಡಬೇಡಿ, ಮುಟ್ಟಿನ ಬಗ್ಗೆ ಕೇಳಿ, ಬಿಪಿ ಮತ್ತು ಸಕ್ಕರೆ ನೋಡಿ, ಮಂಗಳವಾರ ಆಸ್ಪತ್ರೆಗೆ ಕಳಿಸಿ.